ಹಳೆಯ ವಾಲ್ವ್ ರೇಡಿಯೋಗೆ ಕರೆಂಟ್ ಕೊಡುವ ಮುನ್ನ



ಹನ್ನೆರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಕೊನೆ, ಮಳೆ ಹಿಡಿದುಕೊಂಡಿತ್ತು. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯಿಂದ ಎಪ್ಪತ್ತು ದಾಟಿದ ಅಮ್ಮನೊಬ್ಬರು ಮೊಮ್ಮಗನನ್ನು ಕರೆದುಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದರು. ಹುಡುಗನ ತೋಳಲ್ಲಿ ಕಂಬಳಿ ಸುತ್ತಿದ ಒಂದು ದೊಡ್ಡ ಪೆಟ್ಟಿಗೆ. ಮೇಜಿನ ಮೇಲಿಟ್ಟು ಕಂಬಳಿ ಬಿಚ್ಚಿದರೆ, ತೇಗದ ಬಣ್ಣದ ಮೈ, ಎದೆಯ ಮೇಲೆ ಬಟ್ಟೆ, ಅದರ ಕೆಳಗೆ ಗಾಜಿನ ಡಯಲ್. ಐದು ವಾಲ್ವಿನ ರೇಡಿಯೋ.

“ನಮ್ಮನೆಯವರು ಮದುವೆಯಾದ ವರ್ಷ ತಂದಿದ್ದು ಮೇಷ್ಟ್ರೇ. ಮೂವತ್ತು ವರ್ಷದಿಂದ ಅಟ್ಟದ ಮೇಲೇ ಇತ್ತು. ಇವನು ಮೊನ್ನೆ ಇಳಿಸಿ, ಒರೆಸಿ, ಪ್ಲಗ್ ಹಾಕಿಬಿಟ್ಟ. ಮೊದಲು ದೀಪ ಬಂತು, ಗುಂಯ್ ಅಂತು. ಆಮೇಲೆ ಎಂಥದೋ ಸುಟ್ಟ ವಾಸನೆ. ನಾನೇ ಓಡಿ ಬಂದು ಸ್ವಿಚ್ ತೆಗೆದೆ” ಅಂದರು.

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಜ್ಜನ ರೇಡಿಯೋ ಕೇಳಬೇಕು ಅನ್ನಿಸಿದ ಹುಡುಗ ಅವನು. ಆದರೆ ಈ ಮಾತನ್ನು ನಾನು ಇಷ್ಟು ವರ್ಷದಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ: “ನೋಡೋಣ ಅಂತ ಒಂದ್ಸಲ ಪ್ಲಗ್ ಹಾಕಿದೆ.” ಹಳೆಯ ರೇಡಿಯೋದ ಕಂಡೆನ್ಸರುಗಳು ಅಟ್ಟದ ಮೇಲೆ ಕೂತಲ್ಲೇ ಕೆಡುತ್ತವೆ, ಅದು ನಿಜ. ಆದರೆ ಕೆಟ್ಟ ಕಂಡೆನ್ಸರ್ ಹತ್ತಿಪ್ಪತ್ತು ರೂಪಾಯಿಯ ಸಾಮಾನು. ಅದರಿಂದಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವುದು, ಮತ್ತೆ ಸಿಗದ ವಾಲ್ವ್ ಹಾಳಾಗುವುದು, ಆ “ನೋಡೋಣ” ಅನ್ನುವ ಎರಡು ನಿಮಿಷದಲ್ಲಿ. ಈ ಹೊತ್ತಿನ ಮಾತಿಗೆ ನಾನು ಒಪ್ಪಿಕೊಂಡದ್ದೇ ಆ ಎರಡು ನಿಮಿಷವನ್ನು ತಪ್ಪಿಸಬೇಕು ಅಂತ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಾಲ್ವ್ ರೇಡಿಯೋ ಹಾಡಲಿಲ್ಲ ಅಂದರೆ ಜನ ಮೊದಲು ಬೆರಳು ತೋರಿಸುವುದು ವಾಲ್ವಿನ ಕಡೆ. “ವಾಲ್ವ್ ಹೋಗಿರಬೇಕು, ಈಗ ಎಲ್ಲಿ ಸಿಗತ್ತೆ” ಅಂತ ಕೈಬಿಡುತ್ತಾರೆ. ನನ್ನ ಅನುಭವದಲ್ಲಿ ವಾಲ್ವೇ ಮೂಲ ಕಾರಣವಾಗಿದ್ದದ್ದು ಕಡಿಮೆ. ಈ ಸೆಟ್ಟನ್ನೇ ನೋಡಿ. ಅದರ ವಾಲ್ವುಗಳ ಮೇಲೆ ಬಿಇಎಲ್ ಗುರುತಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ನಮ್ಮ ನಾಡಿನಲ್ಲೇ ಆದ ಆ ವಾಲ್ವುಗಳು ಐವತ್ತು ವರ್ಷದ ಮೇಲೂ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ.

ವಾಲ್ವ್ ಬದುಕಿದೆಯೋ ಇಲ್ಲವೋ ಅನ್ನುವುದನ್ನು ಕರೆಂಟ್ ಕೊಡದೆಯೇ ಅರ್ಧಮಟ್ಟಿಗೆ ತಿಳಿಯಬಹುದು. ಗಾಜಿನ ತಲೆಯ ಒಳಗೆ ಬೆಳ್ಳಿ ಬಳಿದಂತೆ ಹೊಳೆಯುವ ಒಂದು ಪದರ ಇರುತ್ತದೆ. ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರಿಕೊಳ್ಳಲಿ ಅಂತ ಕಾರ್ಖಾನೆಯಲ್ಲೇ ಅದನ್ನು ಕೂರಿಸಿರುತ್ತಾರೆ. ಆ ಬೆಳ್ಳಿ ಹಾಗೇ ಇದ್ದರೆ ಗಾಜು ಬಿರಿದಿಲ್ಲ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವಿನ ಕತೆ ಮುಗಿಯಿತು. ಆಮೇಲೆ ಮೀಟರಿನಿಂದ ಹೀಟರ್ ತಂತಿ ತುಂಡಾಗಿಲ್ಲವಷ್ಟೆ ಅಂತ ನೋಡಬೇಕು. ಗಾಜನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ. ನಂಬರ್ ಅಳಿಸಿಹೋದರೆ ಮುಂದೆ ಯಾವ ವಾಲ್ವ್ ಅಂತ ಗುರುತಿಸುವುದು ಬಹಳ ಕಷ್ಟ.

ಆ ನಂಬರಿನ ಮೊದಲ ಅಕ್ಷರವೇ ನಮಗೆ ಎಚ್ಚರಿಕೆ ಕೊಡುತ್ತದೆ. ‘ಇ’ ಅಂತ ಶುರುವಾದರೆ, ಇಸಿಎಚ್ 81, ಇಎಲ್ 84 ಇವೆಲ್ಲ, 6.3 ವೋಲ್ಟ್ ಹೀಟರಿನವು. ಸಾಮಾನ್ಯವಾಗಿ ಅಂಥ ಸೆಟ್ಟಿಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ ಅಂತ ಶುರುವಾದರೆ, ಯುಸಿಎಚ್ 81, ಯುಸಿಎಲ್ 82, ಯುವೈ 85, ತುಂಬ ಹುಷಾರಾಗಿರಬೇಕು. ಅವು ಎಸಿ, ಡಿಸಿ ಎರಡರಲ್ಲೂ ನಡೆಯುವ ಸೆಟ್ಟುಗಳು. ಹೀಟರುಗಳನ್ನೆಲ್ಲ ಸರಪಳಿಯಂತೆ ಒಂದರ ಹಿಂದೆ ಒಂದು ಜೋಡಿಸಿ ಅದರಲ್ಲಿ 100 ಮಿಲಿಆಂಪಿಯರ್ ಹರಿಸುತ್ತಾರೆ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚಾಸಿಸ್ಸಿಗೇ ಫೇಸ್ ಬರುತ್ತದೆ, 230 ವೋಲ್ಟ್. ಅಂಥ ಸೆಟ್ಟುಗಳಲ್ಲಿ ಗುಬುಟುಗಳನ್ನು ಬಿಗಿಯುವ ಚಿಕ್ಕ ತಿರುಪಿನ ತೂತಿಗೆ ಮೇಣ ತುಂಬಿರುತ್ತಿದ್ದರು. ಮನೆಯ ಮಗು ಬೆರಳಿಟ್ಟು ಶಾಕ್ ಹೊಡೆಸಿಕೊಳ್ಳಬಾರದು ಅಂತ. ರಿಪೇರಿ ಮಾಡಿದವರು ಆ ಮೇಣವನ್ನು ಕೆರೆದುಹಾಕಿ ಮತ್ತೆ ತುಂಬದೆ ಬಿಟ್ಟಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

‘ಡಿ’ ಅಂತ ಶುರುವಾಗುವ ವಾಲ್ವುಗಳು ಕರೆಂಟ್ ಕಾಣದ ಹಳ್ಳಿಗಳ ಬ್ಯಾಟರಿ ಸೆಟ್ಟಿನವು. 1.4 ವೋಲ್ಟಿನ ಕೂದಲೆಳೆಯಂಥ ತಂತಿ, ಪಕ್ಕದಲ್ಲೇ 90 ವೋಲ್ಟಿನ ಬ್ಯಾಟರಿ. ಕೈ ತಪ್ಪಿ ಎರಡೂ ತಾಗಿದರೆ ಎಲ್ಲ ವಾಲ್ವೂ ಒಮ್ಮೆಗೇ ಹೋಗುತ್ತವೆ. ಅವುಗಳ ವಿಷಯ ಇವತ್ತು ಬೇಡ.

ನಮ್ಮ ತೀರ್ಥಹಳ್ಳಿ ಸೆಟ್ಟು ‘ಇ’ ಜಾತಿಯದು. ಇಸಿಎಚ್ 81, ಇಎಫ್ 89, ಇಎಬಿಸಿ 80, ಇಎಲ್ 84, ಇಝಡ್ 80. ಹಿಂದಿನ ರಟ್ಟು ಬಿಚ್ಚಿ ಟಾರ್ಚ್ ಹಾಕಿದೆ. ಮಲೆನಾಡಿನ ಅಟ್ಟದಲ್ಲಿ ಏನಿರಬೇಕೋ ಎಲ್ಲ ಇತ್ತು: ಜೇಡರ ಬಲೆ, ಇಲಿ ಹಿಕ್ಕೆ, ಟ್ರಾನ್ಸ್‌ಫಾರ್ಮರಿನ ಮೂಲೆಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು. ಮೇನ್ಸ್ ವೈರಿನ ರಬ್ಬರ್ ಮುಟ್ಟಿದರೆ ಉದುರುತ್ತಿತ್ತು. ಈ ಕಸವನ್ನು ತೆಗೆಯಲು ಮೆತ್ತನೆಯ ಬ್ರಷ್ ಒಂದೇ ಸಾಕು. ಆದರೆ ಅವಸರ ಬೇಡ. ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರಿನ ತೆಳ್ಳನೆಯ ಅಲ್ಯೂಮಿನಿಯಂ ಎಲೆಗಳು ಒಂದಕ್ಕೊಂದು ತಾಗದಂತೆ ಕೂತಿರುತ್ತವೆ. ಒಂದು ಎಲೆ ಬಗ್ಗಿದರೂ ಡಯಲ್ ತಿರುಗಿಸಿದಾಗ ಆ ಜಾಗದಲ್ಲಿ ಕರಕರ ಅಂದು ಸ್ಟೇಷನ್ ಕಡಿದುಹೋಗುತ್ತದೆ.

ಮೂಗನ್ನೂ ಬಳಸಬೇಕು. ಸುಟ್ಟ ವಾಸನೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಡೆಯಿಂದ ಬರುತ್ತಿತ್ತು. ಸ್ಪೀಕರಿನ ಚೌಕಟ್ಟಿಗೇ ಬಿಗಿದಿರುವ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಸಾಮಾನು ಅದು. ಅದರ ಕಾಗದದ ಅಂಚು ಕಂದಿತ್ತು. ಮೀಟರ್ ಹಿಡಿದೆ. ವಾಲ್ವಿನ ಕಡೆಯ ಸುತ್ತಿನಲ್ಲಿ ಕೆಲವು ನೂರು ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸಲಿಲ್ಲ. ಸುತ್ತು ಒಳಗೇ ತುಂಡಾಗಿತ್ತು.

ಸುಟ್ಟದ್ದು ಸಿಕ್ಕಿತು, ಬದಲಿಸಿದರೆ ಮುಗಿಯಿತು ಅನ್ನಿಸುತ್ತದೆ ಅಲ್ಲವೆ? ಅನುಭವವಿಲ್ಲದ ಕೈ ಎಡವುವುದು ಇಲ್ಲೇ. ಸುಟ್ಟ ಸಾಮಾನು ಪೆಟ್ಟು ತಿಂದ ಸಾಮಾನು. ಪೆಟ್ಟು ಕೊಟ್ಟದ್ದು ಯಾವುದು ಅಂತ ತಿಳಿಯದೆ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದಕ್ಕೂ ಅದೇ ಗತಿ.

ಕಾರಣ ಹುಡುಕಲು ಕರೆಂಟ್ ಬೇಕು. ಆದರೆ ನೇರವಾಗಿ ಅಲ್ಲ. ಹಿಂದೆ ಪ್ರತಿ ರೇಡಿಯೋ ಅಂಗಡಿಯಲ್ಲೂ ಗೋಡೆಗೆ ಒಂದು ಸೀರೀಸ್ ಬೋರ್ಡ್ ಇರುತ್ತಿತ್ತು: ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್, ಎರಡೂ ಒಂದೇ ದಾರಿಯಲ್ಲಿ. ಬಲ್ಬನ್ನು ಹಾದು ಬಂದ ಕರೆಂಟೇ ರೇಡಿಯೋಗೆ ಹೋಗಬೇಕು. ತಂತಿ ಉರಿಯುವ ಹಳೇ ಬಗೆಯ 60 ಅಥವಾ 100 ವ್ಯಾಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಬೆಳಗಿ, ಆಮೇಲೆ ಕೆಂಪಗೆ ಮಂಕಾದರೆ ಸಮಾಧಾನ. ಹಾಗೇ ಝಗಝಗಿಸುತ್ತ ನಿಂತರೆ ಒಳಗೆ ಶಾರ್ಟ್ ಇದೆ. ಆಗ ಉರಿಯುವುದು ಬಲ್ಬ್, ನಿಮ್ಮ ಟ್ರಾನ್ಸ್‌ಫಾರ್ಮರ್ ಅಲ್ಲ. ಐಟಿಐ ಹುಡುಗರಿಗೆ ನಾನು ಮೀಟರ್ ಹಿಡಿಯಲು ಹೇಳಿಕೊಡುವ ಮೊದಲು ಈ ಬೋರ್ಡನ್ನೇ ಮಾಡಿಸುತ್ತಿದ್ದೆ.

ಒಂದು ಕೈ ಬೆನ್ನ ಹಿಂದೆ ಅನ್ನುವುದು ಇನ್ನೊಂದು ನಿಯಮ. ಚಾಸಿಸ್ಸಿನ ಕೆಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಎರಡೂ ಕೈ ಒಳಗಿಟ್ಟರೆ ಶಾಕ್ ಎದೆಯನ್ನು ಹಾದು ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರಿನಿಂದ ಟಪ್ ಅನ್ನಿಸಿ ಕಿಡಿ ಹಾರಿಸುವವರಿದ್ದಾರೆ, ಹಾಗೆ ಮಾಡಬೇಡಿ. 10 ಕಿಲೋಓಮಿನ ಒಂದು ದಪ್ಪ ರೆಸಿಸ್ಟರನ್ನು ಕೆಲವು ಸೆಕೆಂಡ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡಮೇಲೆ ಕೈ ಹಾಕಿ. ಇದನ್ನೆಲ್ಲ ಕಲಿತಿರದವರು ಹಿಂದಿನ ರಟ್ಟು ಬಿಚ್ಚಿ ನೋಡುವಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ಕೊಡಬೇಕು. ಇದರಲ್ಲಿ ಸಂಕೋಚಪಡುವುದು ಏನೂ ಇಲ್ಲ.

ಈಗ ಕಾರಣಕ್ಕೆ ಬರೋಣ. ಇಎಲ್ 84 ಅನ್ನುವುದು ಸ್ಪೀಕರಿಗೆ ಶಕ್ತಿ ಕೊಡುವ ಕೊನೆಯ ವಾಲ್ವ್. ಅದರ ಗ್ರಿಡ್ ಒಂದು ನಲ್ಲಿಯ ತಿರುಪಿದ್ದಂತೆ. ಕ್ಯಾಥೋಡಿಗಿಂತ ಸುಮಾರು 7 ವೋಲ್ಟ್ ಕೆಳಗೆ ಋಣದಲ್ಲಿದ್ದರೆ ಹರಿವು ಹದವಾಗಿರುತ್ತದೆ. ಹಿಂದಿನ ವಾಲ್ವಿನಿಂದ ಹಾಡು ಈ ಗ್ರಿಡ್ಡಿಗೆ ಬರುವುದು 0.01 ಮೈಕ್ರೋಫ್ಯಾರಡಿನ ಒಂದು ಪುಟ್ಟ ಕಂಡೆನ್ಸರಿನ ಮೂಲಕ. ಕಪ್ಲಿಂಗ್ ಕಂಡೆನ್ಸರ್ ಅನ್ನುತ್ತೇವೆ. ಹಾಡನ್ನು ಬಿಡಬೇಕು, ಹಿಂದಿನ ವಾಲ್ವಿನ ಡಿಸಿಯನ್ನು ತಡೆಯಬೇಕು, ಇಷ್ಟೇ ಅದರ ಕೆಲಸ. ಆಗಿನ ಕಂಡೆನ್ಸರುಗಳಲ್ಲಿ ಕಾಗದ ಮತ್ತು ತಗಡಿನ ಹಾಳೆಯನ್ನು ಸುರುಳಿ ಸುತ್ತಿ, ಮೇಣ ಹೊಯ್ದು ಮುಚ್ಚುತ್ತಿದ್ದರು. ನಮ್ಮ ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಆ ಮೇಣ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮಳೆಗಾಲದ ತೇವ ಒಳಗೆ ಸೇರುತ್ತದೆ. ಕಾಗದ ತೇವ ಹೀರಿತು ಅಂದರೆ ತಡೆಯಬೇಕಾದ ಗೋಡೆ ಸೋರತೊಡಗುತ್ತದೆ.

ಈ ಸೋರಿಕೆಯನ್ನು ಸಾಮಾನ್ಯ ಮೀಟರಿನ ಓಮ್ ಅಳತೆಯಲ್ಲಿ ಹಿಡಿಯಲು ಆಗುವುದಿಲ್ಲ. ಮೀಟರಿನ ಒಳಗಿನ ಸಣ್ಣ ಬ್ಯಾಟರಿಗೆ ಗೋಡೆ ಗಟ್ಟಿಯಾಗೇ ಕಾಣುತ್ತದೆ. ನೂರು ವೋಲ್ಟ್ ಒತ್ತಿದಾಗಲೇ ಗುಟ್ಟು ಹೊರಬರುವುದು. ನಾನು ಮಾಡಿದ್ದು ಹೀಗೆ: ಇಎಲ್ 84 ಅನ್ನು ಸಾಕೆಟ್ಟಿನಿಂದ ತೆಗೆದಿಟ್ಟೆ. ಟ್ರಾನ್ಸ್‌ಫಾರ್ಮರ್ ತುಂಡಾಗಿರುವಾಗ ಆ ವಾಲ್ವನ್ನು ಅಲ್ಲೇ ಬಿಟ್ಟರೆ ಪ್ಲೇಟಿಗೆ ವೋಲ್ಟೇಜ್ ಇಲ್ಲದೆ, ಇಡೀ ಭಾರ ಸ್ಕ್ರೀನ್ ಗ್ರಿಡ್ಡಿನ ಮೇಲೆ ಬಿದ್ದು ಅದು ಕೆಂಡವಾಗುತ್ತದೆ. ಆಮೇಲೆ ಕಪ್ಲಿಂಗ್ ಕಂಡೆನ್ಸರಿನ ಗ್ರಿಡ್ ಕಡೆಯ ಕಾಲನ್ನು ಬೆಸುಗೆಯಿಂದ ಬಿಡಿಸಿ, ಆ ತುದಿಗೆ ಡಿಜಿಟಲ್ ಮೀಟರಿನ ಕೆಂಪು ಕಡ್ಡಿ, ಚಾಸಿಸ್ಸಿಗೆ ಕಪ್ಪು ಕಡ್ಡಿ. ಸೀರೀಸ್ ಬೋರ್ಡಿನ ಮೂಲಕ ಕರೆಂಟ್ ಕೊಟ್ಟೆ.

ಕಂಡೆನ್ಸರ್ ಒಳ್ಳೆಯದಿದ್ದರೆ ಅಂಕಿ ಒಮ್ಮೆ ಜಿಗಿದು ನಿಧಾನಕ್ಕೆ ಸೊನ್ನೆಗೆ ಇಳಿಯಬೇಕು. ಇದು 38ಕ್ಕೆ ಬಂದು ಅಲ್ಲೇ ನಿಂತಿತು. ಹಿಂದಿನ ಪ್ಲೇಟಿನಲ್ಲಿ 90 ವೋಲ್ಟ್ ಇತ್ತು. ಮೀಟರಿನದೇ ತಡೆ 10 ಮೆಗಾಓಮ್. ಲೆಕ್ಕ ಹಾಕಿದರೆ ಕಂಡೆನ್ಸರಿನ ಸೋರಿಕೆ ಸುಮಾರು 14 ಮೆಗಾಓಮ್. ಅಂದರೆ ಅದು ತನ್ನ ಜಾಗದಲ್ಲಿದ್ದಾಗ ಗ್ರಿಡ್ಡಿಗೆ ಸುಮಾರು 3 ವೋಲ್ಟ್ ಧನ ಒತ್ತಡ ಕೊಡುತ್ತಿತ್ತು. 14 ಮೆಗಾಓಮ್ ಕೇಳಲು ಎಷ್ಟು ದೊಡ್ಡ ತಡೆ! ಆದರೂ ಅಷ್ಟೇ ಸೋರಿಕೆ ಸಾಕಾಯಿತು ನಲ್ಲಿ ಅರ್ಧ ತೆರೆದುಕೊಳ್ಳಲು. ಹರಿವು ಹೆಚ್ಚಿತು, ವಾಲ್ವ್ ಕಾದಂತೆ ಇನ್ನಷ್ಟು ಹೆಚ್ಚಿತು, ಟ್ರಾನ್ಸ್‌ಫಾರ್ಮರಿನ ಕೂದಲೆಳೆ ತಂತಿ ತಾಳಲಾರದೆ ಕರಗಿಹೋಯಿತು.

ಹುಡುಗ ಪಕ್ಕದಲ್ಲೇ ನಿಂತು ಆ 38 ಅನ್ನುವ ಅಂಕಿಯನ್ನು ನೋಡುತ್ತಿದ್ದ. “ಇಷ್ಟು ಸಣ್ಣದಾ ಸಾರ್?” ಅಂದ. ಬಿಚ್ಚಿದ ಕಂಡೆನ್ಸರನ್ನು ಅವನ ಅಂಗೈಗೆ ಹಾಕಿದೆ. ಹುಣಸೆ ಬೀಜಕ್ಕಿಂತ ಸ್ವಲ್ಪ ಉದ್ದ, ಮೇಣ ಅಂಟಂಟಾಗಿ ಬೆರಳಿಗೆ ಹತ್ತುತ್ತಿತ್ತು.

ಟ್ರಾನ್ಸ್‌ಫಾರ್ಮರನ್ನು ಸುತ್ತಿಸಲು ಕೊಟ್ಟೆವು. ಶಿವಮೊಗ್ಗದಲ್ಲಿ ಮೋಟಾರ್ ವೈಂಡಿಂಗ್ ಮಾಡುವವರಿದ್ದಾರೆ, ಆದರೆ ಇಷ್ಟು ತೆಳು ತಂತಿಯನ್ನು ಸುತ್ತುವ ತಾಳ್ಮೆಯವರು ಕಡಿಮೆ. ಒಬ್ಬರು ಒಪ್ಪಿಕೊಂಡರು, ಹದಿನೈದು ದಿನ ತೆಗೆದುಕೊಂಡರು, ಚೊಕ್ಕವಾಗಿ ಮಾಡಿಕೊಟ್ಟರು. ಆ ಹದಿನೈದು ದಿನದಲ್ಲಿ ನಾನು ಚಾಸಿಸ್ಸಿನ ಕೆಳಗಿನ ಮೇಣದ ಕಂಡೆನ್ಸರುಗಳನ್ನೆಲ್ಲ ಬದಲಿಸಿದೆ. ಒಂದೊಂದಾಗಿ. ಒಂದನ್ನು ತೆಗೆದು, ಅದೇ ಜಾಗಕ್ಕೆ ಹೊಸದನ್ನು ಬೆಸೆದು, ಬೆಸುಗೆ ಹೊಳೆಯುತ್ತಿದೆಯೇ ಅಂತ ನೋಡಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಮ್ಮೆಗೇ ಕಿತ್ತುಹಾಕಿ ಚಿತ್ರ ನೋಡಿ ಜೋಡಿಸುತ್ತೇನೆ ಅಂದವರ ಸೆಟ್ಟುಗಳು ಗೋಣಿಚೀಲದಲ್ಲಿ ನನ್ನ ಬಳಿ ಬಂದಿವೆ.

ಗುಂಯ್ ಅನ್ನುವ ಸದ್ದು ಬೇರೆ ರೋಗ. ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿದರೂ ಅದು ಹಾಗೇ ಇದ್ದರೆ ಫಿಲ್ಟರ್ ಕಂಡೆನ್ಸರ್ ಒಣಗಿದೆ ಅಂತ ಬಹುಮಟ್ಟಿಗೆ ಖಚಿತ. ಬದಲಿಸುವಾಗ ಅಳತೆ ಮೀರಬೇಡಿ. ಮೊದಲು 50 ಮೈಕ್ರೋಫ್ಯಾರಡ್ ಇದ್ದಲ್ಲಿ 47 ಹಾಕಿ, 450 ವೋಲ್ಟಿನದು. “ದೊಡ್ಡದು ಹಾಕಿದರೆ ಗುಂಯ್ ಪೂರ್ತಿ ನಿಲ್ಲತ್ತೆ” ಅಂತ 220 ಹಾಕುವವರಿದ್ದಾರೆ. ಸ್ವಿಚ್ ಹಾಕಿದಾಗಲೆಲ್ಲ ಅಷ್ಟು ದೊಡ್ಡ ಕಂಡೆನ್ಸರನ್ನು ತುಂಬಿಸಲು ಇಝಡ್ 80ಯಂಥ ರೆಕ್ಟಿಫೈಯರ್ ವಾಲ್ವಿನ ಕೈಲಿ ಆಗುವುದಿಲ್ಲ. ಹಳೆಯ ಅಲ್ಯೂಮಿನಿಯಂ ಡಬ್ಬಿಯನ್ನು ಅದರ ಜಾಗದಲ್ಲೇ ಬಿಟ್ಟು, ವೈರ್ ಮಾತ್ರ ಕಳಚಿ, ಹೊಸದನ್ನು ಕೆಳಗೆ ಮರೆಯಲ್ಲಿ ಬೆಸೆಯುವುದು ನನ್ನ ಪದ್ಧತಿ. ಮೇಲಿನಿಂದ ನೋಡಿದರೆ ಸೆಟ್ಟು ಇದ್ದಂತೇ ಇರಬೇಕು.

ಟ್ರಾನ್ಸ್‌ಫಾರ್ಮರ್ ಬಂತು. ಕೂರಿಸಿ, ಇಎಲ್ 84 ಅನ್ನು ಮತ್ತೆ ಚುಚ್ಚಿ, ಮೊದಲು ಸೀರೀಸ್ ಬೋರ್ಡಿನ ಮೂಲಕ, ಆಮೇಲೆ ನೇರವಾಗಿ ಕರೆಂಟ್ ಕೊಟ್ಟು ಅದರ ಕ್ಯಾಥೋಡಾದ 3ನೇ ಪಿನ್ನಿನಲ್ಲಿ ವೋಲ್ಟೇಜ್ ನೋಡಿದೆ: 7.2. ಹದವಾಗಿದೆ. ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಹಿಡಿ ಪ್ಲಾಸ್ಟಿಕ್ಕಿನದಾದ ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದೆ, ಸ್ಪೀಕರ್ ಬುರ್ರ್ ಅಂತು. ಅಲ್ಲಿಗೆ ಹಿಂಭಾಗ ಸರಿಯಾಯಿತು. ‘ಯು’ ಜಾತಿಯ ಸೆಟ್ಟುಗಳಲ್ಲಿ ಮಾತ್ರ ಇಂಥ ಮುಟ್ಟಾಟ ಬೇಡ. ನಾನು ಯಾವಾಗಲೂ ಸ್ಪೀಕರಿನಿಂದ ಏರಿಯಲ್ ಕಡೆಗೆ ನಡೆಯುತ್ತೇನೆ, ಹಾಡು ಬರುವ ದಾರಿಯಲ್ಲಿ ಹಿಂದಕ್ಕೆ. ಸರಿಯಾದ ಒಂದೊಂದು ಭಾಗವೂ ಅದರ ಮುಂಚಿನ ಭಾಗವನ್ನು ಪರೀಕ್ಷಿಸುವ ಸಾಧನವಾಗುತ್ತದೆ.

ಸಂಜೆ ಏಳರ ಹೊತ್ತಿಗೆ ಹದಿನೈದು ಅಡಿ ವೈರ್ ಎಳೆದು ಏರಿಯಲ್ ಮಾಡಿ ಶಾರ್ಟ್ ವೇವ್ ತಿರುಗಿಸಿದೆ. ಸ್ಟೇಷನ್ ಮೇಲೆ ಸ್ಟೇಷನ್. ಮೀಡಿಯಂ ವೇವಿಗೆ ಹಾಕಿದರೆ ಬರೀ ಸುಯ್ ಅನ್ನುವ ಸದ್ದು. ಭದ್ರಾವತಿ ಆಕಾಶವಾಣಿ ಎಷ್ಟು ಹತ್ತಿರ, ಅದೂ ಇಲ್ಲ.

ಇಲ್ಲಿ ಒಂದು ಕ್ಷಣ ಯೋಚಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಶಾರ್ಟ್ ವೇವ್ ಬರುತ್ತಿದೆ ಅಂದಮೇಲೆ ಐದೂ ವಾಲ್ವ್ ಚೆನ್ನಾಗಿವೆ, ಐಎಫ್ ಭಾಗ ಚೆನ್ನಾಗಿದೆ. ದೋಷ ಇರುವುದು ಮೀಡಿಯಂ ವೇವಿನ ಸ್ವಂತ ಕಾಯಿಲುಗಳಲ್ಲಿ, ಇಲ್ಲವೆ ಬ್ಯಾಂಡ್ ಸ್ವಿಚ್ಚಿನ ಹಲ್ಲುಗಳಲ್ಲಿ. ಸ್ವಿಚ್ಚನ್ನು ತೊಳೆದೆ, ಬದಲಾಗಲಿಲ್ಲ.

ಸೂಪರ್‌ಹೆಟ್ ರೇಡಿಯೋ ನಡೆಯುವ ರೀತಿಯನ್ನು ಎರಡು ಮಾತಲ್ಲಿ ಹೇಳಬೇಕು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅನ್ನುವ ಅಮೆರಿಕದ ಎಂಜಿನಿಯರ್ 1918ರಲ್ಲಿ ರೂಪಿಸಿದ್ದು. ರೇಡಿಯೋ ತನ್ನೊಳಗಿನ ಆಸಿಲೇಟರಿನಲ್ಲಿ ಒಂದು ಪುಟ್ಟ ಅಲೆಯನ್ನು ಹುಟ್ಟಿಸಿ, ಹೊರಗಿನಿಂದ ಬಂದ ಅಲೆಯ ಜೊತೆ ಬೆರೆಸುತ್ತದೆ. ಯಾವ ಸ್ಟೇಷನ್ನಿಗೆ ತಿರುಗಿಸಿದರೂ ಎರಡರ ವ್ಯತ್ಯಾಸ ಒಂದೇ ಆಗಿರುತ್ತದೆ, ಈ ಸೆಟ್ಟಿನಲ್ಲಿ 455 ಕಿಲೋಹರ್ಟ್ಸ್. ಐಎಫ್ ಅನ್ನುವುದು ಇದನ್ನೇ. ಭದ್ರಾವತಿಯ 675ಕ್ಕೆ ಮುಳ್ಳಿಟ್ಟರೆ ಒಳಗಿನ ಅಲೆ 1130ರಲ್ಲಿ ಇರಬೇಕು. ಇದೆಯೋ ಇಲ್ಲವೋ ನೋಡಲು ದುಬಾರಿ ಉಪಕರಣ ಬೇಡ. ಒಂದು ಪಾಕೆಟ್ ಟ್ರಾನ್ಸಿಸ್ಟರನ್ನು ಪಕ್ಕದಲ್ಲಿಟ್ಟು 1130ರ ಆಸುಪಾಸಿಗೆ ತಿರುಗಿಸಿ, ವಾಲ್ವ್ ಸೆಟ್ಟಿನ ಗುಬುಟನ್ನು ಮೆಲ್ಲಗೆ ಆಚೀಚೆ ಆಡಿಸಿದರೆ, ಒಂದು ಕಡೆ ಟ್ರಾನ್ಸಿಸ್ಟರಿನ ಸದ್ದು ಅಡಗಬೇಕು, ಇಲ್ಲವೆ ಸಿಳ್ಳೆ ಕೇಳಬೇಕು. ಒಂದು ರೇಡಿಯೋದ ಉಸಿರನ್ನು ಇನ್ನೊಂದು ರೇಡಿಯೋ ಕೇಳಿಸುತ್ತದೆ. ಈ ಪರೀಕ್ಷೆಯನ್ನು ನನಗೆ ಕಲಿಸಿದವರು ಒಂದು ರೇಡಿಯೋ ಅಂಗಡಿಯ ಮೇಸ್ತ್ರಿಗಳು. ನಾನು ಆಗ ಒಂಬತ್ತನೇ ಕ್ಲಾಸಿನ ಹುಡುಗ. ಆ ಸಿಳ್ಳೆ ಮೊದಲ ಸಲ ಕೇಳಿದಾಗ ಮೈ ಜುಂ ಅಂದದ್ದು ಇವತ್ತಿಗೂ ನೆನಪಿದೆ.

ಈ ಸೆಟ್ಟಿನಲ್ಲಿ ಸಿಳ್ಳೆ ಇಲ್ಲ. ಶಾರ್ಟ್ ವೇವಿಗೆ ಹಾಕಿದರೆ ಆಸಿಲೇಟರ್ ಗ್ರಿಡ್ಡಿನಲ್ಲಿ ಋಣ ವೋಲ್ಟೇಜ್ ಸಿಗುತ್ತದೆ, ಮೀಡಿಯಂ ವೇವಿಗೆ ಹಾಕಿದರೆ ಸೊನ್ನೆ. ಭೂತಗನ್ನಡಿ ಹಿಡಿದು ಮೀಡಿಯಂ ವೇವಿನ ಆಸಿಲೇಟರ್ ಕಾಯಿಲನ್ನು ನೋಡಿದೆ. ತಂತಿ ಕಾಲಿಗೆ ಸೇರುವಲ್ಲಿ ಹಸಿರು ಕಿಲುಬಿನ ಒಂದು ಚುಕ್ಕೆ. ಸೂಜಿಯ ಮೊನೆಯಿಂದ ಮುಟ್ಟಿದೆ, ತಂತಿ ಬಿಟ್ಟುಕೊಂಡಿತು. ಮೂವತ್ತು ಮಳೆಗಾಲದ ತೇವ ಅಲ್ಲಿ ಕೂತು ತಿಂದಿತ್ತು. ಬ್ಲೇಡಿನಿಂದ ಎನಾಮೆಲ್ ಕೆರೆದು, ಇನ್ನೊಂದು ತೆಳು ಎಳೆಯನ್ನು ಸೇರಿಸಿ ಬೆಸೆದೆ. ಅರ್ಧ ಗಂಟೆಯ ಕೆಲಸ, ಖರ್ಚು ಏನೂ ಇಲ್ಲ.

ಅಲ್ಲಿ ಎಷ್ಟೇ ಹೊಸ ವಾಲ್ವ್ ಚುಚ್ಚಿದ್ದರೂ ಭದ್ರಾವತಿ ಬರುತ್ತಿರಲಿಲ್ಲ. ಸದ್ಯ, ಹಿಂದೆ ಯಾರೂ ಐಎಫ್ ಡಬ್ಬಿಗಳ ತಿರುಪನ್ನು ತಿರುಗಿಸಿರಲಿಲ್ಲ. ಕಾರ್ಖಾನೆಯವರು ಹಾಕಿದ ಮೇಣದ ಮುದ್ರೆ ಹಾಗೇ ಇತ್ತು. ಸದ್ದು ಕಡಿಮೆಯಾಯಿತು ಅಂತ ಆ ತಿರುಪುಗಳಿಗೆ ಕೈ ಹಾಕುವುದು ನನ್ನ ಮಟ್ಟಿಗೆ ದೊಡ್ಡ ಅಪರಾಧ. ಅವು ತಾವಾಗಿ ಸಡಿಲವಾಗುವುದು ಅಪರೂಪ. ಒಮ್ಮೆ ಕೆಟ್ಟರೆ ಸಿಗ್ನಲ್ ಜನರೇಟರ್ ಇಲ್ಲದೆ ಸರಿಪಡಿಸುವುದು ಕಷ್ಟ.

ಕೇಳುಗರಲ್ಲಿ ಕೆಲವರು “ನಮ್ಮ ಸೆಟ್ಟು ರಿಪೇರಿಯಾಗಿದೆ, ಆದರೂ ಬರೀ ಕರಕರ” ಅನ್ನಬಹುದು. ಮೀಟರ್ ಹಿಡಿಯುವ ಮೊದಲು ಮನೆಯ ಎಲ್‌ಇಡಿ ದೀಪಗಳನ್ನು, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ ನೋಡಿ. ಅವು ಎಬ್ಬಿಸುವ ಗಲಾಟೆ ಮೀಡಿಯಂ ವೇವಿನ ಮೇಲೇ ಹೆಚ್ಚು. ಬ್ಯಾಟರಿಯ ಟ್ರಾನ್ಸಿಸ್ಟರ್ ಹಿಡಿದು ಮನೆಯೆಲ್ಲ ಓಡಾಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಹಿಂದೆ ಮನೆಯ ಮೇಲೆ ಎರಡು ಬಿದಿರಿಗೆ ಕಟ್ಟಿದ ಏರಿಯಲ್ ಇರುತ್ತಿತ್ತು, ಹಿತ್ತಲಲ್ಲಿ ಅರ್ಥ್ ಗುಂಡಿ, ಬೇಸಿಗೆಯಲ್ಲಿ ಅದಕ್ಕೆ ಒಂದು ಕೊಡ ನೀರು. ಆ ಎರಡೂ ಇವತ್ತಿಗೂ ಬೇಕು. ‘ಇ’ ಜಾತಿಯ ಸೆಟ್ಟಿಗೆ ಒಳ್ಳೆಯ ಅರ್ಥ್ ಕೊಟ್ಟರೆ ಎಷ್ಟೋ ಸದ್ದು ಕಡಿಮೆಯಾಗುತ್ತದೆ.

ಇತ್ತೀಚೆಗೆ ಪೇಟೆಯಲ್ಲಿ ಒಂದು ರೂಢಿ ಕಾಣುತ್ತಿದ್ದೇನೆ. ಹಳೆಯ ರೇಡಿಯೋದ ಹೊಟ್ಟೆಯನ್ನೆಲ್ಲ ಬಗೆದು ಗುಜರಿಗೆ ಹಾಕಿ, ಬ್ಲೂಟೂತ್ ಇಟ್ಟು ಮಾರುತ್ತಾರೆ. ನೋಡಲು ಚೆಂದವೇ. ಆದರೆ ಮನೋವಿಜ್ಞಾನದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ ನಾಡು ಇದು. ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1947ರ ಕೊನೆಗೆ. ಕನ್ನಡದ ಮೊದಲ ಬಾನುಲಿ ಮಾತುಗಳು ನಮ್ಮ ಹಿರಿಯರ ಕಿವಿಗೆ ಹೆಚ್ಚಾಗಿ ತಲುಪಿದ್ದು ಇಂಥ ವಾಲ್ವುಗಳ ಬಿಸಿಯಿಂದಲೇ. ಸರಿಪಡಿಸಬಹುದಾದ ಸೆಟ್ಟಿನ ಕರುಳು ಕೀಳುವುದನ್ನು ನಾನು ಒಪ್ಪಲಾರೆ.

ಆಗಸ್ಟಿನಲ್ಲಿ ಅಮ್ಮ ಮತ್ತು ಮೊಮ್ಮಗ ಮತ್ತೆ ಬಂದರು. ಸ್ವಿಚ್ಚನ್ನು ಹುಡುಗನ ಕೈಯಲ್ಲೇ ಹಾಕಿಸಿದೆ. ಡಯಲಿನ ದೀಪ ಬಂತು. ವಾಲ್ವ್ ಕಾಯುವ ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲೋ ದೂರದಿಂದ ನಡೆದು ಬಂದಂತೆ ದನಿ ಮೆಲ್ಲಗೆ ಏರಿತು. ಭದ್ರಾವತಿಯ ಕೃಷಿ ಕಾರ್ಯಕ್ರಮ. ಅಮ್ಮ ಡಯಲಿನ ಗಾಜಿನ ಮೇಲೆ ಕೈಯಿಟ್ಟು, “ಬೆಚ್ಚಗಿದೆ ಮೇಷ್ಟ್ರೇ, ಆಗಲೂ ಹೀಗೇ ಇತ್ತು” ಅಂದರು.

ಬದಲಿಸಿದ ಹಳೇ ಸಾಮಾನುಗಳನ್ನು ಒಂದು ಪೊಟ್ಟಣ ಕಟ್ಟಿ ಪೆಟ್ಟಿಗೆಯ ಒಳಗೇ ಇಟ್ಟೆ. ಹಿಂದಿನ ರಟ್ಟಿನ ಒಳಮೈಗೆ ಒಂದು ಕಾಗದ ಅಂಟಿಸಿದೆ: ತಾರೀಖು, ಏನೇನು ಬದಲಾಯಿತು, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್. ಇನ್ನು ಮೂವತ್ತು ವರ್ಷದ ಮೇಲೆ ಇದನ್ನು ಬಿಚ್ಚುವವರಿಗೆ ಬೇಕಾಗುತ್ತದೆ. ರಿಪೇರಿ ಮಾಡುವ ಎಲ್ಲರಲ್ಲೂ ಇದು ನನ್ನ ಕೋರಿಕೆ, ಆ ಕಾಗದ ಅಂಟಿಸದೆ ರಟ್ಟು ಮುಚ್ಚಬೇಡಿ.

ನಿಮ್ಮ ಮನೆಯ ಅಟ್ಟದ ಮೇಲೆ, ಊರಿನ ಮನೆಯ ಕೋಣೆಯಲ್ಲಿ ಅಂಥ ಒಂದು ಸೆಟ್ಟಿದ್ದರೆ ಇವತ್ತೇ ಇಳಿಸಿ. ರಟ್ಟು ಬಿಚ್ಚಿ, ಟಾರ್ಚ್ ಹಾಕಿ ನೋಡಿ, ಮಕ್ಕಳಿಗೂ ತೋರಿಸಿ. ಪ್ಲಗ್ ಮಾತ್ರ ಹಾಕಬೇಡಿ. ಬಲ್ಲವರೊಬ್ಬರನ್ನು ಹುಡುಕಿ. ಹುಡುಕಿದರೆ ಪ್ರತಿ ಊರಿನಲ್ಲೂ ಒಬ್ಬರಾದರೂ ಇನ್ನೂ ಸಿಗುತ್ತಾರೆ.